ಅಮೆರಿಕದ ಕಾಲೇಜುಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಸಂಘ ಇರಬಹುದಾದರೆ ಬಿಳಿಯರಿಗೆ ಯಾಕಿಲ್ಲ? ಇದು ಅನ್ಯಾಯ ಅಲ್ವಾ?

ನಿಮ್ಮ ಮಗಳು ಓದಲು ಅಮೆರಿಕಕ್ಕೆ ಹೊರಟಿದ್ದಾಳೆ. ಅವಳ ಯೂನಿವರ್ಸಿಟಿಯ ಸಂಘಗಳ ಪಟ್ಟಿಯಲ್ಲಿ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್, ಏಷ್ಯನ್ನರ ಸಂಘ, ಲ್ಯಾಟಿನೋ ಸಂಘ ಎಲ್ಲ ಇವೆ, ಬಿಳಿಯರದ್ದು ಮಾತ್ರ ಇಲ್ಲ ಎಂದು ಬರೆದಿದ್ದೀರಿ. ಬಣ್ಣ ನೋಡಿ ಗುಂಪು ಕಟ್ಟುವುದು ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ತಪ್ಪು ಅಂದರೆ ಅದು ಯಾವ ಸೀಮೆ ನ್ಯಾಯ ಅಂತ ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ ಇದು. ನಾನು ಅಲ್ಲಿನ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುವಾಗ ವಿದ್ಯಾರ್ಥಿ ಸಂಘಗಳಿಗೆ ದುಡ್ಡು ಹಂಚುವ ಸಮಿತಿಯಲ್ಲಿದ್ದೆ. ಹಾಗಾಗಿ ಕಂಡದ್ದನ್ನು ಹೇಳುತ್ತೇನೆ.

ಕಪ್ಪು ಜನರಷ್ಟೇ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಸೇರಬಹುದು ಅಂತ ನೀವು ಅಂದುಕೊಂಡಿರಬಹುದು. ಹಾಗಿಲ್ಲ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಕಾಲೇಜೂ ಜನಾಂಗ, ಬಣ್ಣ, ಮೂಲದೇಶ ನೋಡಿ ಯಾರನ್ನೂ ಹೊರಗಿಡುವಂತಿಲ್ಲ ಎಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ಖಾಸಗಿ ಕಾಲೇಜುಗಳಲ್ಲೂ ಬಹುಪಾಲು ಆ ಹಣ ಪಡೆಯುತ್ತವೆ. ನಮ್ಮಲ್ಲಿ ಆ ಸಂಘದ ಸಭೆಗಳಿಗೆ ಬಿಳಿ ಹುಡುಗರು ಬರುತ್ತಿದ್ದರು, ನೈಜೀರಿಯಾದವರು ಬರುತ್ತಿದ್ದರು, ನಮ್ಮವರೂ ಆಗಾಗ ಹೋಗುತ್ತಿದ್ದರು.

ದುಡ್ಡಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಜಗಳ ಜಾಸ್ತಿ ಇರುವುದೇ ಅಲ್ಲಿ. ಪ್ರತಿ ವಿದ್ಯಾರ್ಥಿಯೂ ಫೀಸಿನ ಜೊತೆ ಚಟುವಟಿಕೆಗಳಿಗೆ ಅಂತ ಒಂದಿಷ್ಟು ಕಟ್ಟುತ್ತಾರೆ. ಅದನ್ನು ಹಂಚುವುದು ವಿದ್ಯಾರ್ಥಿಗಳದೇ ಸಮಿತಿ. ನಮ್ಮ ಅರ್ಜಿಯಲ್ಲಿ ಎಲ್ಲ ಸಂಘಗಳಿಗೂ ಅವೇ ಪ್ರಶ್ನೆಗಳು. ಕಾರ್ಯಕ್ರಮಕ್ಕೆ ಯಾರು ಬೇಕಾದರೂ ಬರಬಹುದೇ? ಪೋಸ್ಟರ್ ಎಲ್ಲೆಲ್ಲಿ ಹಚ್ಚುತ್ತೀರಿ? ಕಳೆದ ಸಲ ಎಷ್ಟು ಜನ ಬಂದಿದ್ದರು? ಊಟಕ್ಕೆ ತಲೆಗೆ ಎಷ್ಟು? ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ನಿನ ಖಜಾಂಚಿ ಹುಡುಗಿ ಕುರ್ಚಿ ಬಾಡಿಗೆಗೆ ಬೇರೆ ಬೇರೆ ಕಡೆಯಿಂದ ದರಪಟ್ಟಿ ತಂದು, ಪಿನ್ ಹೊಡೆದು ಮುಂದಿಟ್ಟಿದ್ದಳು. ಆದರೂ ಊಟದ ಬಾಬ್ತು ಮಿತಿ ಮೀರಿತ್ತು, ಕಡಿತ ಮಾಡಿದೆವು. ಅವಳ ಹಿಂದೆಯೇ ನಮ್ಮ ಕನ್ನಡದ ಹುಡುಗರು ಯುಗಾದಿಗೆ ಹಾಲ್ ಕೇಳಲು ಬಂದರು. ಹಾಲ್ ಕೊಟ್ಟೆವು. ಮನೆಯಲ್ಲಿ ಮಾಡಿದ ಹೋಳಿಗೆಗೆ ದುಡ್ಡು ಕೊಡಲು ಆಗಲಿಲ್ಲ, ಲೈಸೆನ್ಸ್ ಇರುವ ಕೇಟರರ್ ಬಿಲ್ಲೇ ಬೇಕು ಎಂಬ ನಿಯಮ. ಚೆಸ್ ಕ್ಲಬ್ ಬಂದರೂ ಅದೇ ಅಳತೆ.

ಇದು ಸಮಿತಿಯವರ ದೊಡ್ಡ ಮನಸ್ಸಿನಿಂದ ನಡೆಯುವುದಲ್ಲ. ಸರ್ಕಾರಿ ಯೂನಿವರ್ಸಿಟಿಗಳು ಈ ಶುಲ್ಕವನ್ನು ಹಂಚುವಾಗ ಸಂಘದ ಅಭಿಪ್ರಾಯ ನೋಡಿ ಭೇದ ಮಾಡುವಂತಿಲ್ಲ ಎಂದು 2000ದಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಸಂಘದ ವಿಚಾರಗಳು ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಮಾನ್ಯತೆ ನಿರಾಕರಿಸುವಂತಿಲ್ಲ ಎಂದು 1972ರಲ್ಲೇ ಹೇಳಿತ್ತು. ಅಂದರೆ ನಾಳೆ ಯಾರಾದರೂ ವೈಟ್ ಸ್ಟೂಡೆಂಟ್ ಯೂನಿಯನ್ ಅಂತ ಅರ್ಜಿ ಹಾಕಿದರೆ, ಎಲ್ಲರಿಗೂ ಬಾಗಿಲು ತೆರೆದಿದ್ದು ಉಳಿದ ನಿಯಮ ಪಾಲಿಸಿದರೆ, ಬರೀ ಹೆಸರು ನೋಡಿ ಸರ್ಕಾರಿ ಯೂನಿವರ್ಸಿಟಿ ಅದನ್ನು ತಳ್ಳಿಹಾಕುವುದು ಕಷ್ಟ. ಜನ ಆ ಹೆಸರಿಗೆ ಬೆಚ್ಚುವುದಕ್ಕೂ ಕಾರಣ ಇದೆ. 2012ರಲ್ಲಿ ಮೇರಿಲ್ಯಾಂಡ್‌ನ ಟೌಸನ್ ಯೂನಿವರ್ಸಿಟಿಯಲ್ಲಿ ಒಬ್ಬ ವಿದ್ಯಾರ್ಥಿ ಅಂಥದ್ದೊಂದು ಗುಂಪು ಶುರು ಮಾಡಿದ. ಕಪ್ಪು ಜನರ ಅಪರಾಧದಿಂದ ರಕ್ಷಣೆ ಅಂತ ರಾತ್ರಿ ಗಸ್ತಿನ ಮಾತಾಡಿದ. ಮುಂದೆ ಅವನು ದೇಶಕ್ಕೇ ಗೊತ್ತಿರುವ ಬಿಳಿ ಜನಾಂಗವಾದಿ ಮುಂದಾಳಾದ. ಅದೇ ಐರಿಷ್, ಇಟಾಲಿಯನ್, ಪೋಲಿಷ್ ಮೂಲದ ವಿದ್ಯಾರ್ಥಿಗಳ ಕ್ಲಬ್‌ಗಳು ಎಷ್ಟೋ ಕಡೆ ಆರಾಮಾಗಿ ನಡೆಯುತ್ತಿವೆ. ಅವರೂ ಬಿಳಿಯರೇ. ಯಾರೂ ತಕರಾರು ತೆಗೆಯುವುದಿಲ್ಲ.

ಇನ್ನು ಈ ಸಂಘಗಳು ಯಾಕೆ ಹುಟ್ಟಿದವು ಎನ್ನುವುದು. 1906ರಲ್ಲಿ ಕಾರ್ನೆಲ್‌ನಲ್ಲಿ ಏಳು ಜನ ಕಪ್ಪು ಹುಡುಗರು ಆಲ್ಫಾ ಫೈ ಆಲ್ಫಾ ಎಂಬ ಫ್ರೆಟರ್ನಿಟಿ, ಅಂದರೆ ಹುಡುಗರ ಸೋದರ ಸಂಘ, ಕಟ್ಟಿದರು. ಅವರಿಗಿಂತ ಮುಂಚೆ ಬಂದಿದ್ದ ಕೆಲವು ಕಪ್ಪು ವಿದ್ಯಾರ್ಥಿಗಳು ಓದು ಬಿಟ್ಟು ಹೋಗಿದ್ದರು. ಬಿಳಿಯರ ಫ್ರೆಟರ್ನಿಟಿಗಳಲ್ಲಿ ಇವರಿಗೆ ಜಾಗ ಇರಲಿಲ್ಲ. ಒಟ್ಟಿಗೆ ಕೂತು ಓದಿಕೊಂಡು, ಒಬ್ಬರಿಗೊಬ್ಬರು ಆಸರೆಯಾಗಿ ಡಿಗ್ರಿ ಮುಗಿಸೋಣ ಅಂತ ಶುರುವಾದದ್ದು ಅದು. ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಅದರ ಸದಸ್ಯರಾದರು. 1940ರ ದಶಕದಲ್ಲಿ ಅದು ಬೇರೆ ಜನಾಂಗದವರಿಗೂ ಬಾಗಿಲು ತೆರೆಯಿತು. ಇಲಿನಾಯ್‌ನಲ್ಲಿ 1923ರಲ್ಲಿ ಯಹೂದಿ ವಿದ್ಯಾರ್ಥಿಗಳಿಗಾಗಿ ಹಿಲೆಲ್ ಎಂಬ ಸಂಸ್ಥೆ ಶುರುವಾಯಿತು. ಹಾರ್ವರ್ಡ್‌ನಂಥ ಕಡೆ ಯಹೂದಿಗಳ ಪ್ರವೇಶಕ್ಕೆ ಮಿತಿ ಹಾಕುವ ಮಾತು ನಡೆಯುತ್ತಿದ್ದ ಕಾಲ ಅದು.

ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಎಂಬ ಹೆಸರಿನ ಮೊದಲ ಸಂಘ 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಹುಟ್ಟಿತು. 1968ರ ನವೆಂಬರ್‌ನಿಂದ ಮುಂದಿನ ಮಾರ್ಚ್‌ವರೆಗೆ ಅಲ್ಲಿ ಮುಷ್ಕರ ನಡೆಯಿತು. ಪೊಲೀಸರ ಲಾಠಿ ಏಟು ತಿಂದರು, ಜೈಲಿಗೆ ಹೋದರು. ತಮ್ಮ ಜನರ ಚರಿತ್ರೆಯನ್ನು ಕಾಲೇಜಿನಲ್ಲಿ ಕಲಿಸಿ ಎನ್ನುವುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಇಂದು ಅಮೆರಿಕದುದ್ದಕ್ಕೂ ಇರುವ ಜನಾಂಗೀಯ ಅಧ್ಯಯನ ವಿಭಾಗಗಳಿಗೆ ದಾರಿಯಾದದ್ದು ಆ ಮುಷ್ಕರ. ಅದಕ್ಕೂ ಕೆಲವು ವರ್ಷ ಮುಂಚೆ, 1962ರಲ್ಲಿ, ಪಕ್ಕದ ಬರ್ಕ್ಲಿಯಲ್ಲಿ ಕಪ್ಪು ವಿದ್ಯಾರ್ಥಿಗಳ ಒಂದು ಓದುಗುಂಪು ಇತ್ತು. ಮದ್ರಾಸಿನಲ್ಲಿ ಹುಟ್ಟಿದ್ದ ಶ್ಯಾಮಲಾ ಗೋಪಾಲನ್ ಅದರಲ್ಲಿ ಕೂತು ಚರ್ಚೆ ಮಾಡುತ್ತಿದ್ದರು. ಜಮೈಕಾದ ಡೊನಾಲ್ಡ್ ಹ್ಯಾರಿಸ್ ಅವರಿಗೆ ಸಿಕ್ಕಿದ್ದು ಅಲ್ಲೇ. ಮುಂದೆ ಅಮೆರಿಕದ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್ ಇವರಿಬ್ಬರ ಮಗಳು.

ಅದು ಹಳೆ ಕಾಲ, ಈಗ ಯಾಕೆ ಬೇಕು ಅಂತ ನೀವು ಕೇಳಬಹುದು. 2013ರಲ್ಲಿ ಅಲಬಾಮಾ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಪತ್ರಿಕೆ ಒಂದು ವರದಿ ಹಾಕಿತು. ಓದಿನಲ್ಲಿ ತುಂಬ ಮುಂದಿದ್ದ ಕಪ್ಪು ಹುಡುಗಿಯೊಬ್ಬಳಿಗೆ ಸಾಂಪ್ರದಾಯಿಕ ಬಿಳಿ ಸೊರೊರಿಟಿಗಳಲ್ಲಿ (ಫ್ರೆಟರ್ನಿಟಿಯಂಥವೇ ಹುಡುಗಿಯರ ಸಂಘಗಳು) ಒಂದೂ ಪ್ರವೇಶ ಕೊಟ್ಟಿರಲಿಲ್ಲ. ಒಳಗಿನ ಹುಡುಗಿಯರೇ ಬಾಯಿಬಿಟ್ಟು ಹೇಳಿದರು, ನಮಗೆ ಅವಳು ಬೇಕಿತ್ತು, ಹಳೆಯ ಸದಸ್ಯರು ಬಿಡಲಿಲ್ಲ ಅಂತ. ದೇಶವೆಲ್ಲ ಸುದ್ದಿಯಾದ ಮೇಲೆ ಯೂನಿವರ್ಸಿಟಿ ಮತ್ತೆ ಪ್ರವೇಶ ತೆರೆಸಿತು. ಆ ಸೊರೊರಿಟಿಗಳ ಬೋರ್ಡಿನ ಮೇಲೆ ಎಲ್ಲೂ ಬಿಳಿಯರದ್ದು ಅಂತ ಬರೆದಿರಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಸಂಘದ ಹೆಸರು ಬಿಡಿ, ಬಾಗಿಲು ನೋಡಿ, ದುಡ್ಡಿನ ಲೆಕ್ಕ ನೋಡಿ.

ನಮ್ಮವರನ್ನೇ ತೆಗೆದುಕೊಳ್ಳಿ. ಕ್ಯಾಂಟೀನಿನಲ್ಲಿ ತೆಲುಗರದ್ದು ಒಂದು ಮೇಜು, ತಮಿಳರದ್ದು ಒಂದು, ನಮ್ಮದೊಂದು. ನೀವ್ಯಾಕೆ ಪ್ರತ್ಯೇಕ ಕೂತಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ. ಮನೆ ನೆನಪಾಗುತ್ತೆ ಪಾಪ, ಅಂದುಕೊಂಡರು. ಅದೇ ಐದಾರು ಕಪ್ಪು ವಿದ್ಯಾರ್ಥಿಗಳು ಒಟ್ಟಿಗೆ ಕೂತರೆ ಮಾತ್ರ ಚರ್ಚೆ ಶುರುವಾಗುತ್ತದೆ. ಇದು ನನಗೆ ಈಗಲೂ ನೋವಾಗುವ ವಿಷಯ.

ಹಾಗಂತ ಎಲ್ಲ ಸರಿ ಇದೆ ಅಂತಲೂ ನಾನು ಹೇಳುವುದಿಲ್ಲ. ವಿದ್ಯಾರ್ಥಿಗಳು ತಾವಾಗಿ ಸೇರುವುದು ಬೇರೆ, ಯೂನಿವರ್ಸಿಟಿಯೇ ಹೊಸದಾಗಿ ಬಂದವರನ್ನು ಬಣ್ಣದ ಪ್ರಕಾರ ಬೇರೆ ಬೇರೆ ಕೋಣೆಗೆ ಕಳಿಸಿ ಕಾರ್ಯಾಗಾರ ಮಾಡುವುದು ಬೇರೆ. ಎರಡನೆಯದು ಕೆಲವು ಕಡೆ ನಡೆದಿದೆ. ನನಗೆ ಅದು ಒಪ್ಪಿಗೆ ಇಲ್ಲ. ನೀನು ಯಾರು ಅಂತ ನೀನೇ ಹೇಳುವ ಮುಂಚೆ ಆಡಳಿತ ಚೀಟಿ ಅಂಟಿಸಬಾರದು.

ಆದರೆ ಈಗಿನ ಸರ್ಕಾರಗಳು ಹಾಕುತ್ತಿರುವ ಪೆಟ್ಟು ಬೀಳುತ್ತಿರುವುದು ಹುಡುಗರ ಸಂಘಗಳ ಮೇಲೂ. 2023ರ ಸುಪ್ರೀಂ ಕೋರ್ಟ್ ತೀರ್ಪು ಪ್ರವೇಶದಲ್ಲಿ ಜನಾಂಗ ಪರಿಗಣಿಸುವುದನ್ನು ತಡೆಯಿತು, ಅದು ಸಂಘಗಳ ಬಗ್ಗೆ ಅಲ್ಲ. ಆದರೂ 2024ರಲ್ಲಿ ಯೂಟಾದಲ್ಲಿ ಹೊಸ ಕಾನೂನು ಬಂದು ಯೂನಿವರ್ಸಿಟಿಯ ಕಪ್ಪು ಸಂಸ್ಕೃತಿ ಕೇಂದ್ರ ಮುಚ್ಚಿತು. ಅಲ್ಲಿನ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಯೂನಿವರ್ಸಿಟಿಯ ಪ್ರಾಯೋಜಕತ್ವವನ್ನೇ ಬಿಟ್ಟು ಹೊರಗೆ ಬಂತು. ಅಲಬಾಮಾದಲ್ಲೂ ಅದೇ ವರ್ಷ ಆ ಸಂಘದ ಕಚೇರಿ ಮುಚ್ಚಿಸಿದರು. 2025ರ ಫೆಬ್ರವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಕಳಿಸಿದ ಎಚ್ಚರಿಕೆ ಪತ್ರ ಇನ್ನೂ ಮುಂದೆ ಹೋಗಿ ಹಾಸ್ಟೆಲ್, ಪದವಿ ಸಮಾರಂಭಗಳನ್ನೂ ಎಳೆದು ತಂದಿತು. ಆಗಸ್ಟಿನಲ್ಲಿ ಮೇರಿಲ್ಯಾಂಡ್‌ನ ಕೇಂದ್ರ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಎಷ್ಟೋ ಕಾಲೇಜುಗಳು ಭಯಕ್ಕೆ ವೆಬ್‌ಸೈಟ್‌ನಲ್ಲಿ ಹೆಸರು ಬದಲಿಸಿಕೊಂಡಿದ್ದವು.

ನಿಮ್ಮ ಮಗಳಿಗೆ ಹೇಳಿ, ಸೆಮಿಸ್ಟರ್ ಶುರುವಾದ ಹೊತ್ತಿಗೆ ಸಂಘಗಳ ಮೇಳ ಇರುತ್ತದೆ, ತಪ್ಪಿಸಿಕೊಳ್ಳಬೇಡ ಅಂತ. ಸಾಲಾಗಿ ಮೇಜು ಹಾಕಿರುತ್ತಾರೆ, ಯಾವ ಪಟ್ಟಿಯಲ್ಲಿ ಬೇಕಾದರೂ ಹೆಸರು ಬರೆಯಬಹುದು. ಎಲ್ಲಾದರೂ ಜನಾಂಗ ನೋಡಿ ಬೇಡ ಅಂದರೆ ದೂರು ಕೊಡಲು ಪ್ರತಿ ಯೂನಿವರ್ಸಿಟಿಯಲ್ಲೂ ವ್ಯವಸ್ಥೆ ಇರುತ್ತದೆ. ಬಿಳಿಯರು ದೂರು ಕೊಟ್ಟರೂ, ನಾವು ಕೊಟ್ಟರೂ, ಅವರು ಅದನ್ನು ತೆಗೆದುಕೊಳ್ಳಲೇಬೇಕು.