ಫ್ರೀಜರ್‌ನಲ್ಲಿಟ್ಟ ಇನ್ಸುಲಿನ್

ಬಾಗೇಪಲ್ಲಿ ಬಿಸಿಲಿಗೆ ಹೆದರಿ ಅಮ್ಮನ ಇನ್ಸುಲಿನ್ ಫ್ರೀಜರ್‌ನಲ್ಲಿಟ್ಟಿದ್ದೆ, ಈಗ ಶುಗರ್ ಇಳಿಯುತ್ತಿಲ್ಲ ಅಂದಿದ್ದೀರಿ. ಅದು ಹೆಪ್ಪುಗಟ್ಟಿ ಕೆಟ್ಟಿರಬೇಕು. ಇನ್ಸುಲಿನ್ 51 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದರೆ ಒಂದು ಸಣ್ಣ ಪ್ರೋಟೀನ್. ಹೆಪ್ಪುಗಟ್ಟಿದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತವೆ. ಕರಗಿದ ಮೇಲೆ ನೋಡೋಕೆ ಚೆನ್ನಾಗಿದ್ದರೂ ನಂಬಬೇಡಿ.

ಮೊದಲು ಆ ಬಾಟಲಿ ಬಿಸಾಡಿ, ಹೊಸದು ತನ್ನಿ. ಡಾಕ್ಟರ್ ಬರೆದಷ್ಟೇ ಡೋಸ್ ಕೊಡಿ. ನೀವಾಗಿ ಜಾಸ್ತಿ ಮಾಡಿದರೆ, ಹೊಸ ಇನ್ಸುಲಿನ್‌ಗೆ ಶುಗರ್ ತೀರಾ ಇಳಿದುಬಿಡಬಹುದು, ಅದು ಇನ್ನೂ ಅಪಾಯ. ತೆರೆಯದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರ್‌ನಿಂದ ದೂರ ಇರಲಿ. ತುಂಬಾ ಹೊತ್ತು ಕರೆಂಟ್ ಇಲ್ಲದಿದ್ದರೆ ದೊಡ್ಡ ಮಡಕೆಗೆ ಒದ್ದೆ ಮರಳು ಹಾಕಿ, ಅದರಲ್ಲಿ ಚಿಕ್ಕ ಮಡಕೆ ಕೂರಿಸಿ, ಅದರೊಳಗೆ ಬಾಟಲಿ ಇಡಿ.

ಜ್ವರ, ಸೋಂಕು ಇದ್ದರೂ ಶುಗರ್ ಏರುತ್ತದೆ, ಅದನ್ನು ಇಲ್ಲಿಂದ ಹೇಳಕ್ಕಾಗಲ್ಲ. ಹೊಸ ಬಾಟಲಿಗೂ ಇಳಿಯದಿದ್ದರೆ, ಇಲ್ಲವೇ ವಾಂತಿ, ವಿಪರೀತ ಸುಸ್ತು ಇದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.