ಡಿಸ್ಕ್ ಸವೆದಿದೆ, ಬೇರೆಯವರ ಜೀವಕೋಶ ಚುಚ್ಚಿಸಿಕೊಳ್ಳಲಾ?

ಪ್ರಶ್ನೆ: ನಾನು ಇಳಕಲ್‌ನ ನೇಕಾರ, ವಯಸ್ಸು 44. ಇಪ್ಪತ್ತು ವರ್ಷ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯ್ದಿದ್ದೇನೆ. ಎರಡು ವರ್ಷದಿಂದ ಸೊಂಟ ನೋವು. ಎಂಆರ್‌ಐ ಮಾಡಿಸಿದಾಗ ಡಿಸ್ಕ್ ಸವೆದಿದೆ ಅಂದರು. ದಾನಿಯ ಕಾಂಡಕೋಶ (ಸ್ಟೆಮ್ ಸೆಲ್, ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಚುಚ್ಚಿದರೆ ಡಿಸ್ಕ್ ಮತ್ತೆ ಬೆಳೆಯುತ್ತದೆ, ಎರಡು ಲಕ್ಷ ಆಗುತ್ತದೆ ಎಂದು ಒಂದು ಕ್ಲಿನಿಕ್‌ನವರು ಹೇಳುತ್ತಾರೆ. ಹೆಂಡತಿಯ ಬಂಗಾರ ಅಡವಿಡಬೇಕು. ಮಾಡಿಸಲಾ?

ಉತ್ತರ: ಬಂಗಾರ ಅಡವಿಡಬೇಡಿ.

ಡಿಸ್ಕ್ ಅಂದರೆ ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಮೆತ್ತೆ. ಒಳಗೆ ನೀರು ಹಿಡಿದಿಟ್ಟ ಲೋಳೆಯಂಥ ತಿರುಳು, ಸುತ್ತ ನಾರಿನ ಬಿಗಿ ಪಟ್ಟಿ. ತಿರುಳಿನ ಜೀವಕೋಶಗಳು ಕಡಿಮೆಯಾದಂತೆ ನೀರು ಆರುತ್ತದೆ, ಮೆತ್ತೆ ಕುಸಿಯುತ್ತದೆ. ಹೊಸ ಜೀವಕೋಶ ತುಂಬಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಂದ. ಆರೋಗ್ಯವಂತ ದಾನಿಯ ಮೂಳೆಮಜ್ಜೆಯಿಂದ ಇಂಥ ಮೂಲ ಜೀವಕೋಶ ತೆಗೆದು, ಲ್ಯಾಬ್‌ನಲ್ಲಿ ಬೆಳೆಸಿ, ಎಕ್ಸ್‌ರೇ ನೋಡುತ್ತಾ ಸೂಜಿಯಿಂದ ತಿರುಳಿಗೆ ಬಿಡುತ್ತಾರೆ. ತಿರುಳಿಗೆ ರಕ್ತನಾಳ ಇಲ್ಲ. ಹಾಗಾಗಿ ಪರಕೀಯ ಜೀವಕೋಶದ ಮೇಲೆ ಮೈ ಸುಲಭವಾಗಿ ತಿರುಗಿ ಬೀಳುವುದಿಲ್ಲ. ಆದರೆ ರಕ್ತ ಇಲ್ಲದ ಕಡೆ ಆಮ್ಲಜನಕವೂ ಕಡಿಮೆ, ಆಹಾರವೂ ಕಡಿಮೆ ಅಲ್ವಾ? ಬಿಟ್ಟ ಜೀವಕೋಶ ಅಲ್ಲಿ ಬದುಕುವುದೇ ಕಷ್ಟ.

ಮೆಸೊಬ್ಲಾಸ್ಟ್ ಎಂಬ ಕಂಪನಿ 404 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಹೇಳಿತು. ಕೆಲವರಿಗೆ 60 ಲಕ್ಷ ಜೀವಕೋಶದ ಇಂಜೆಕ್ಷನ್, ಕೆಲವರಿಗೆ ಬರೀ ಸಲೈನ್. ನೋವು, ಓಡಾಟ ಎರಡನ್ನೂ ಸೇರಿಸಿ ಇಟ್ಟುಕೊಂಡಿದ್ದ ಮುಖ್ಯ ಗುರಿ ಮುಟ್ಟಲಿಲ್ಲ. ಆದರೂ ನೋವು ಶುರುವಾಗಿ ತೀರಾ ಜಾಸ್ತಿ ವರ್ಷ ಆಗಿರದವರಲ್ಲಿ ನೋವು ಹೆಚ್ಚು ಇಳಿದದ್ದು ಕಂಡಿತು. ಅದಕ್ಕೇ ಸಂಶೋಧನೆ ನಿಂತಿಲ್ಲ, ನನಗೂ ಇದರ ಮೇಲೆ ಆಸೆ ಇದೆ. ಆದರೆ ಆಸೆಯನ್ನು ಎರಡು ಲಕ್ಷಕ್ಕೆ ಮಾರುವುದು ತಪ್ಪು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ, ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆ ಬಿಟ್ಟರೆ, ಒಪ್ಪಿಗೆ ಪಡೆದ ಟ್ರಯಲ್‌ನ (ರೋಗಿಗಳ ಮೇಲಿನ ಪ್ರಯೋಗದ) ಹೊರಗೆ ಕಾಂಡಕೋಶ ಕೊಡುವಂತಿಲ್ಲ. ಟ್ರಯಲ್ ಆದರೆ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಇರುತ್ತದೆ, ನಿಮ್ಮಿಂದ ದುಡ್ಡು ತಗೊಳ್ಳುವಂತಿಲ್ಲ. ಆ ಸಂಖ್ಯೆ ಕೇಳಿ ನೋಡಿ.

ಇನ್ನೊಂದು ಮಾತು. ನೋವೇ ಇಲ್ಲದ ನಿಮ್ಮ ವಯಸ್ಸಿನ ಎಷ್ಟೋ ಜನರ ಎಂಆರ್‌ಐನಲ್ಲೂ ಸವೆತ ಕಾಣುತ್ತದೆ. ರಿಪೋರ್ಟ್ ನೋಡಿ ಸುಮ್ನೆ ಹೆದರಬೇಡಿ. ಅರ್ಧ ಗಂಟೆಗೊಮ್ಮೆ ಕುಣಿಯಿಂದ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಫಿಸಿಯೊಥೆರಪಿಸ್ಟ್ ಹತ್ತಿರ ಬೆನ್ನು, ಹೊಟ್ಟೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಕಲಿತು ಮೂರು ತಿಂಗಳು ಬಿಡದೆ ಮಾಡಿ. ಬೀಡಿ ಸೇದುತ್ತಿದ್ದರೆ ಬಿಡಿ, ಅದು ಡಿಸ್ಕನ್ನೂ ಸವೆಸುತ್ತದೆ. ಪಾದ ಎತ್ತಲಾಗದಿದ್ದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.