ರೇಡಿಯೇಶನ್ ಆದ ಮೇಲೆ ಅಪ್ಪನಿಗೆ ಸದಾ ಸುಸ್ತು, ಚಳಿ. ಇದು ಥೈರಾಯ್ಡ್ ಇರಬಹುದಾ?

ಇರಬಹುದು. ನೀವು ಬರೆದದ್ದನ್ನು ಓದಿದರೆ ಮೊದಲು ಅದನ್ನೇ ನೋಡಿಸಬೇಕು ಅನ್ನಿಸುತ್ತದೆ. ಶಿರಸಿಯಲ್ಲಿರುವ ನಿಮ್ಮ ಅಪ್ಪನಿಗೆ ನಾಲಿಗೆ ಕ್ಯಾನ್ಸರ್ ಆಗಿತ್ತು, ಕುತ್ತಿಗೆಗೂ ಸೇರಿಸಿ ರೇಡಿಯೇಶನ್ ಕೊಟ್ಟು ಒಂದೂವರೆ ವರ್ಷ ಆಯಿತು, ಸ್ಕ್ಯಾನ್ ಕ್ಲೀನ್ ಇದೆ. ಆದರೂ ಮಧ್ಯಾಹ್ನದವರೆಗೆ ಮಲಗಿರುತ್ತಾರೆ, ಚಳಿ ಅನ್ನುತ್ತಾರೆ, ಹೊಟ್ಟೆ ಸರಿಯಾಗಿ ಹೋಗುವುದಿಲ್ಲ, ದನಿ ದಪ್ಪ ಆಗಿದೆ. ನೆಂಟರೆಲ್ಲ "ರೇಡಿಯೇಶನ್ ಸುಸ್ತು, ಹೋಗ್ತದೆ ಬಿಡಿ" ಅನ್ನುತ್ತಿದ್ದಾರೆ.

ನಾನು ಡಾಕ್ಟರ್ ಅಲ್ಲ. ಕುಮಟಾದವನು. ಗಂಟಲ ಕ್ಯಾನ್ಸರಿಗೆ ಇದೇ ಚಿಕಿತ್ಸೆ ಮುಗಿಸಿ, ಈಗ ದಿನಾ ಥೈರಾಯ್ಡ್ ಮಾತ್ರೆ ನುಂಗುವವನು.

ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಸ್ವಲ್ಪ ಕೆಳಗೆ. ಕುತ್ತಿಗೆಗೆ ರೇಡಿಯೇಶನ್ ಬಿಡುವಾಗ ಅದಕ್ಕೂ ಏಟು ಬೀಳುತ್ತದೆ. ಗ್ರಂಥಿಯ ಜೀವಕೋಶಗಳು, ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ನಿಧಾನಕ್ಕೆ ಹಾಳಾಗುತ್ತವೆ. ಈ "ನಿಧಾನಕ್ಕೆ" ಅನ್ನುವುದರಲ್ಲೇ ಎಲ್ಲ ಇದೆ. ಬಾಯಿಹುಣ್ಣು, ಚರ್ಮ ಸುಡುವುದು ಚಿಕಿತ್ಸೆ ನಡೆಯುವಾಗಲೇ ಬಂದು, ಮುಗಿದ ಕೆಲವು ವಾರಕ್ಕೆ ಹೋಗುತ್ತದೆ. ಥೈರಾಯ್ಡ್ ಕೈಕೊಡುವುದು ಹೆಚ್ಚಾಗಿ ಒಂದರಿಂದ ಮೂರು ವರ್ಷದ ಒಳಗೆ, ಕೆಲವರಿಗೆ ಹತ್ತು ವರ್ಷ ಕಳೆದ ಮೇಲೂ. ಆಗ ರೇಡಿಯೇಶನ್ನಿನ ನೆನಪು ಯಾರಿಗೆ ಬರುತ್ತದೆ ಹೇಳಿ? ಇದು ಅಪರೂಪದ್ದೂ ಅಲ್ಲ. ಕುತ್ತಿಗೆಗೆ ರೇಡಿಯೇಶನ್ ಆದವರಲ್ಲಿ ಸುಮಾರು 20ರಿಂದ 50 ಪರ್ಸೆಂಟ್ ಜನಕ್ಕೆ ಬರುತ್ತದೆ. ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಹಲ್ಲು, ಬಾಯಿ ತೆರೆಯುವ ವ್ಯಾಯಾಮ, ಮೆತ್ತನೆ ಊಟ ಎಲ್ಲ ಬರೆದಿದ್ದರು. ಥೈರಾಯ್ಡ್ ಬಗ್ಗೆ ಒಂದಕ್ಷರ ಇರಲಿಲ್ಲ.

ನನಗೆ ಅನುಮಾನ ಬಂದದ್ದು ಚಳಿಯಿಂದ. ಕುಮಟಾದ ಮೇ ತಿಂಗಳು ನಿಮಗೆ ಗೊತ್ತಲ್ವಾ, ಅಂಗಿ ಹಾಕಿದ ಐದು ನಿಮಿಷಕ್ಕೆ ಬೆನ್ನಿಗೆ ಅಂಟುತ್ತದೆ. ಅಂಥದ್ದರಲ್ಲಿ ನಮ್ಮನೆಯವಳು ಫ್ಯಾನ್ ಹಾಕುವುದು, ನಾನು ಎದ್ದು ಆಫ್ ಮಾಡುವುದು. ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿರುತ್ತಿತ್ತು, ಚರ್ಮ ಒಣಗಿ ಬಿಳಿಚಿಕೊಂಡಿತ್ತು. ಬರೀ ಗಂಜಿ, ತಂಬುಳಿ ತಿನ್ನುತ್ತಿದ್ದೆ, ಆದರೂ ತೂಕ ಏರಿತ್ತು. ಮನಸ್ಸಂತೂ ಮಂಕು. ಇದರಲ್ಲಿ ಸುಸ್ತು, ಮಂಕು ಎರಡೂ ಕ್ಯಾನ್ಸರ್ ಆದವರಿಗೆ ಇರುವುದೇ, ಹಾಗಾಗಿ ಅದೊಂದರಿಂದ ಗೊತ್ತಾಗುವುದಿಲ್ಲ.

ಸ್ಕ್ಯಾನ್ ಕ್ಲೀನ್ ಬಂದರೂ ಥೈರಾಯ್ಡ್ ಸರಿ ಇದೆ ಅಂತ ಆಗುವುದಿಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಕಾಣುತ್ತದೆ, ಹಾರ್ಮೋನು ಕಾಣುವುದಿಲ್ಲ. ಅದಕ್ಕೆ ರಕ್ತ ಪರೀಕ್ಷೆಯೇ ಬೇಕು: ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಮೆದುಳಿನ ಕಡೆಯಿಂದ ಬರುವ ಹಾರ್ಮೋನು), ಜೊತೆಗೆ ಫ್ರೀ ಟಿ4 (ಥೈರಾಯ್ಡ್ ತಾನೇ ಮಾಡುವ ಹಾರ್ಮೋನು). ಇದಕ್ಕಾಗಿ ಹುಬ್ಬಳ್ಳಿಗೂ ಹೋಗಬೇಕಿಲ್ಲ, ಮಣಿಪಾಲಕ್ಕೂ ಹೋಗಬೇಕಿಲ್ಲ. ಶಿರಸಿಯ ಲ್ಯಾಬಿನಲ್ಲೇ ರಕ್ತ ಕೊಡಿ. ಮೊದಲು ಏರುವುದು ಟಿಎಸ್‌ಎಚ್, ಟಿ4 ಇಳಿಯುವುದು ಆಮೇಲೆ. ಟಿಎಸ್‌ಎಚ್ ಸ್ವಲ್ಪ ಮಾತ್ರ ಏರಿ ಟಿ4 ಸರಿ ಇದ್ದರೆ ಕೆಲವು ಡಾಕ್ಟರು ಕಾದು ನೋಡೋಣ ಅನ್ನುತ್ತಾರೆ, ಗಾಬರಿ ಬೇಡ. ಈಗ ನಾರ್ಮಲ್ ಬಂದರೂ ಅಲ್ಲಿಗೆ ಬಿಡಬೇಡಿ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾಡಿಸುತ್ತಲೇ ಇರಬೇಕು.

ಥೈರಾಯ್ಡ್ ಹಾರ್ಮೋನು ಕಮ್ಮಿ ಅಂತ ಬಂದರೆ ಔಷಧಿ ಲೆವೊಥೈರಾಕ್ಸಿನ್, ಅಂದರೆ ಅದೇ ಹಾರ್ಮೋನಿನ ಮಾತ್ರೆ. ಅಂಗಡಿಯಲ್ಲಿ ಥೈರೋನಾರ್ಮ್, ಎಲ್ಟ್ರಾಕ್ಸಿನ್ ಅಂತ ಸಿಗುತ್ತದೆ. ರೇಡಿಯೇಶನ್ನಿಂದ ಹಾಳಾದ ಗ್ರಂಥಿ ಮತ್ತೆ ಸರಿಯಾಗುವುದು ಕಷ್ಟ, ಆದ್ದರಿಂದ ಹೆಚ್ಚಿನವರಿಗೆ ಜೀವನಪೂರ್ತಿ ಮಾತ್ರೆ. ಕೇಳಲು ಭಾರ ಅನ್ನಿಸುತ್ತದೆ. ಆದರೆ ಅಷ್ಟೆಲ್ಲ ನುಂಗಿ, ಚುಚ್ಚಿಸಿಕೊಂಡು ಬಂದವರಿಗೆ ಇದು ಯಾವ ಲೆಕ್ಕ! ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಚಾ, ತೆಳ್ಳೇವು (ತೆಳು ದೋಸೆ) ಎಲ್ಲ ಅರ್ಧದಿಂದ ಒಂದು ತಾಸು ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ತಾಸು ದೂರ ಇಡಿ, ಇಲ್ಲದಿದ್ದರೆ ಇದು ಮೈಗೆ ಹತ್ತುವುದಿಲ್ಲ. ಜೊಲ್ಲು ಬತ್ತಿದ ಬಾಯಲ್ಲಿ ಈ ಪುಟ್ಟ ಮಾತ್ರೆ ಅಂಗುಳಕ್ಕೇ ಅಂಟಿ ಕೂರುತ್ತದೆ. ಮೊದಲು ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಂಡು ಆಮೇಲೆ ಹಾಕಿಕೊಳ್ಳಲು ಹೇಳಿ. ಇನ್ನೊಂದು, ಈ ಮಾತ್ರೆಗೆ ತೇವ, ಬಿಸಿ ಆಗಿಬರುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಗಟ್ಟಿ ಹಾಕಿ, ಬಚ್ಚಲ ಹತ್ತಿರವೂ ಅಲ್ಲ, ಒಲೆ ಹತ್ತಿರವೂ ಅಲ್ಲ, ಬೇರೆ ಕಡೆ ಇಡಬೇಕು.

ಮಾತ್ರೆ ಶುರು ಮಾಡಿದ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿ ಡೋಸ್ ಹೊಂದಿಸುತ್ತಾರೆ. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಟ್ಟುಬಿಡಬಾರದು. ನನಗೆ ಮೊದಲು ಹೋದದ್ದು ಚಳಿ, ಸುಸ್ತು ಹೋಗಲು ತುಂಬಾ ಸಮಯ ಹಿಡಿಯಿತು. ಘಟ್ಟದ ಮೇಲೆ ಕಷಾಯ, ನಾಟಿ ಔಷಧಿ ಹೇಳುವವರು ಜಾಸ್ತಿ. ಕಷಾಯ ಸುಮ್ನೆ ಕುಡಿಯಲಿ ಬೇಕಾದರೆ, ಮಾತ್ರೆಯ ಬದಲಿಗೆ ಮಾತ್ರ ಬೇಡ. ಅಯೋಡಿನ್ ಉಪ್ಪು ಜಾಸ್ತಿ ತಿಂದರೂ ಇದು ಸರಿಯಾಗುವುದಿಲ್ಲ, ಯಾಕೆಂದರೆ ಇಲ್ಲಿ ಕೆಟ್ಟಿರುವುದು ಗ್ರಂಥಿಯೇ.

ದನಿ ದಪ್ಪ ಆಗಿದೆ ಅಂದಿರಿ. ಅದನ್ನು ಪೂರ್ತಿ ಥೈರಾಯ್ಡ್ ತಲೆಗೆ ಕಟ್ಟಬೇಡಿ. ಕ್ಯಾನ್ಸರ್ ಡಾಕ್ಟರಿಗೂ ತೋರಿಸಿ. ಹೊಸ ಗಂಟು, ನುಂಗಲು ಕಷ್ಟ, ರಕ್ತ, ಕಿವಿಗೆ ಹರಿಯುವ ನೋವು ಇದ್ದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ. ಅಪ್ಪನಿಗೆ ಹೃದಯದ ತೊಂದರೆ ಇದ್ದರೆ ಮಾತ್ರೆ ಬರೆಸುವಾಗಲೇ ಹೇಳಿ. ಅಂಥವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರು ಮಾಡಿ ನಿಧಾನ ಏರಿಸುತ್ತಾರೆ.